ಜೊತೆಭಾರ

"ಉಸಿರು ಬಿಡು ಭಾಗೀರಥಿ. ಹಿಡಿದುಕೊಂಡರೆ ತೂಕವೇನೂ ಇಳಿಯೋದಿಲ್ಲ," ಎಂದೆ. ನಾನು ನೆಲದ ಮೇಲೆ ಮೊಣಕಾಲೂರಿ, ಕೆನ್ನೆ ಹೆಚ್ಚುಕಡಿಮೆ ಅವಳ ಸೈಕಲ್ಲಿನ ಹಿಂದಿನ ಚಕ್ರಕ್ಕೆ ತಾಗುವಂತೆ ಬಾಗಿ, ಶಾಕಬ್ಸರಿನ ನಡುವಿನ ಕಡ್ಡಿಗೆ ತೊಡಿಸಿದ್ದ ಕಪ್ಪು ರಬ್ಬರಿನ ಉಂಗುರವನ್ನೇ ನೋಡುತ್ತಿದ್ದೆ. ಸೀಟಿನ ಮೇಲೆ ಕೂತಾಗ ಶಾಕಬ್ಸರು ಎಷ್ಟು ಕುಗ್ಗುತ್ತದೋ ಉಂಗುರ ಅಷ್ಟು ಸರಿದು ನಿಲ್ಲುತ್ತದೆ. ಕಡ್ಡಿಯ ಮೂರರಲ್ಲೊಂದು ಪಾಲಿಗಿಂತ ತುಸು ಕಡಿಮೆ ಸರಿದರೆ ಸ್ಪ್ರಿಂಗು ಆ ಸವಾರಿಯನ್ನು ಒಪ್ಪಿತು ಎಂದು ಅರ್ಥ. ಭಾಗೀರಥಿಯ ಬೆನ್ನ ಹಿಂದೆ, ಹಿಂಬದಿಯ ಮಣೆಯ ಮೇಲೆ ಎರಡು ಡಬ್ಬ ಎಣ್ಣೆ ಕಟ್ಟಿದ್ದೆ. ಉಂಗುರ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತ್ತು.

"ಆಯ್ತು, ಇಳಿ," ಎನ್ನುವಷ್ಟರಲ್ಲಿ ಬಾಗಿಲ ಬಳಿ ಕಾಲು ಚಾಚಿ ಕೂತಿದ್ದ ಅವಳ ಅತ್ತೆ, ಗಾಣದ ಮನೆಯ ಶಿವಲಿಂಗಮ್ಮ, "ಇನ್ನೊಂದು ಡಬ್ಬ ಇಡು ಚಂಪಾ," ಎಂದರು.

"ಎರಡಕ್ಕಿಂತ ಹೆಚ್ಚು ನಾನು ಯಾವತ್ತು ಒಯ್ದಿದ್ದೀನಿ ಅತ್ತೆ?" ಎಂದಳು ಭಾಗೀರಥಿ.

"ಒಯ್ದಿಲ್ಲ, ಸರಿ. ನಾಳೆ ನಮ್ಮ ಗಾಣ ಬೆಳೆಯೋದೇ ಬೇಡ ಅಂತೀಯೇನೇ? ಬಡಗಿಯವರ ಸೊಸೆಗೆ ಒಂದು ಹಲಗೆ ಜಾಸ್ತೀನೇ ಇಟ್ಟು ತೂಗಿಸಿದ್ರಂತೆ. ನಮ್ಮನೆ ಅವರಿಗಿಂತ ಕಡಿಮೆ ಅನ್ನಿಸ್ಕೋಬೇಕಾ?"

"ಅನ್ನಿಸ್ಕೊಳ್ಳೋದು ಮನೆ. ಕೈ ನೋಯೋದು ನಂದು."

"ಕೈ ಯಾವ ಹೆಂಗಸಿಗೆ ನೋಯಲ್ಲ ಹೇಳು. ನಂಗೆ ನೋಯಲಿಲ್ವಾ? ಎಳ್ಳೆಣ್ಣೆ ಹಚ್ಚಿ ತಿಕ್ಕು. ಮನೇಲಿ ಅದಕ್ಕೇನು ಬರವೇ?"

ಭಾಗೀರಥಿ ನನ್ನ ಮುಖ ನೋಡಿದಳು. ನಾನು ಮೂರನೆಯ ಡಬ್ಬ ಇಟ್ಟೆ. ಉಂಗುರ ಮತ್ತಷ್ಟು ಸರಿಯಿತು. ಹಾಕಿದ್ದ ಸ್ಪ್ರಿಂಗು ಬಿಚ್ಚಿ ಅದಕ್ಕಿಂತ ಗಟ್ಟಿ ನಂಬರಿನದನ್ನು ಕೂರಿಸಿದೆ. ಶಿವಲಿಂಗಮ್ಮ ಎದ್ದು ಬಂದು ಖಾಲಿ ಸೀಟನ್ನು ಅಂಗೈಯಿಂದ ಒತ್ತಿ ನೋಡಿದರು. ಅದು ಮಿಸುಕಲಿಲ್ಲ. "ಹಾಂ, ಇದು ಮನೆತನಸ್ಥರ ಸ್ಪ್ರಿಂಗು," ಎಂದು ಸೆರಗು ಸರಿಮಾಡಿಕೊಂಡು ಹೊರಟರು. ಸೊಸೆ ಸೈಕಲ್ಲು ತಳ್ಳಿಕೊಂಡು ಹಿಂದೆ ಹೋದಳು.

ಆಗ ದಿನವೆಲ್ಲ ಹೀಗೇ ನಡೆಯುತ್ತಿತ್ತು. ಮುಂದಿನ ಹಬ್ಬದಿಂದಾಚೆಗೆ ಉಕ್ಕಿನ ಸ್ಪ್ರಿಂಗಿರುವ ಯಾವ ಸೈಕಲ್ಲನ್ನೂ ಹಗ್ಗದ ತೊಟ್ಟಿಲಿಗೆ ಹತ್ತಿಸುವುದಿಲ್ಲ ಎಂದು ಊರಲ್ಲಿ ಸಾರಿಸಿದ್ದರು. ನಮ್ಮ ಊರು ಇರುವುದು ಗುಡ್ಡದ ಮೇಲೆ. ಸಂತೆ, ಆಸ್ಪತ್ರೆ, ಶಾಲೆ ಎಲ್ಲ ಕೆಳಪೇಟೆಯಲ್ಲಿ. ಇಳಿಯುವುದು ಸೈಕಲ್ಲಿನಲ್ಲಿ, ಮರಳಿ ಏರುವುದು ತೊಟ್ಟಿಲಿನಲ್ಲಿ, ಸೈಕಲ್ಲನ್ನೂ ಜೊತೆಗೆ ಹಾಕಿಕೊಂಡು. ಹಾಗಾಗಿ ನಮ್ಮ ಸೈಕಲ್ಲುಗಳಿಗೆ ಚೈನಿಲ್ಲ. ಪೆಡಲಿನ ಜಾಗದಲ್ಲಿ ಕಾಲಿಡಲು ಎರಡು ಮರದ ತುಂಡು, ಉಳಿದ ಮೈಯೆಲ್ಲ ಅಲ್ಯೂಮಿನಿಯಂ. ಕಬ್ಬಿಣದ್ದು ಎಂದರೆ ಒಂದು ಸ್ಪ್ರಿಂಗು ಮಾತ್ರ, ಅದೂ ಹೆಂಗಸರ ಸೈಕಲ್ಲಿನಲ್ಲಿ. ಗಂಡಸರು ದಿನವೂ ಇಳಿದು ಹತ್ತುವವರು ಎಂದು ಅವರದನ್ನು ಹಿಂದೆಯೇ ಬದಲಾಯಿಸಿ ಆಗಿತ್ತು.

ನಮ್ಮೂರಿನಲ್ಲಿ ಕಬ್ಬಿಣ ಬಲಿಯುತ್ತದೆ. ತಂದ ವರ್ಷ ಒಂದು ಕೈಯಲ್ಲಿ ಎತ್ತಿದ ಹಾರೆಗೆ ಕೆಲವು ವರ್ಷದಲ್ಲಿ ಇಬ್ಬರು ಬೇಕು. ಆಮೇಲೆ ಅದು ಇದ್ದಲ್ಲೇ ಇರುತ್ತದೆ, ಜನ ಸುತ್ತಿಬಳಸಿ ಓಡಾಡುತ್ತಾರೆ. ಪಕ್ಕದ ಬೀದಿಯ ಒಬ್ಬರು ಊರಿಗೆ ಹೋಗುವಾಗ ಬಾಗಿಲಿಗೆ ಕಬ್ಬಿಣದ ಬೀಗ ಹಾಕಿ ಹೋದವರು ಬಹಳ ದಿನ ಬರಲಿಲ್ಲ. ಬೀಗ ಬಾಗಿಲನ್ನೂ ಚೌಕಟ್ಟನ್ನೂ ಎಳೆದುಕೊಂಡು ಹೊಸ್ತಿಲ ಮೇಲೆ ಕೂತಿತ್ತು. ನಮ್ಮ ಅಡುಗೆಮನೆಯಲ್ಲಿರುವ ದೋಸೆಹೆಂಚು ನನ್ನ ಅತ್ತೆ ಮದುವೆಯಾಗಿ ಬರುವಾಗ ತಂದದ್ದು. ಮನೆ ಕೆಡವಿ ಕಟ್ಟಿಸಿದಾಗ ಹೆಂಚು ಇದ್ದಲ್ಲೇ ಬಿಟ್ಟು, ಅದರ ಸುತ್ತ ಒಲೆ ಕಟ್ಟಿ, ಒಲೆಯ ಸುತ್ತ ಅಡುಗೆಮನೆ ಕಟ್ಟಿದರು. ಕಿಟಕಿ ತಪ್ಪು ದಿಕ್ಕಿಗೆ ಬಂತು. ಆದರೆ ಅಂಥ ದೋಸೆ ಬೇರೆಲ್ಲೂ ಆಗುವುದಿಲ್ಲವಾದ್ದರಿಂದ ಯಾರೂ ದೂರಲಿಲ್ಲ.

ಉಕ್ಕಿನದರ ಬದಲು ನಾನು ಹಾಕುತ್ತಿದ್ದ ಟೈಟೇನಿಯಂ ಬಲಿಯುವುದಿಲ್ಲ. ಬಂದ ದಿನ ಎಷ್ಟೋ ಕೊನೆಯ ದಿನವೂ ಅಷ್ಟೇ. ತುಕ್ಕಿಲ್ಲ, ಬಣ್ಣ ಬೇಕಿಲ್ಲ, ಬೂದಿ ತಿಕ್ಕಿದ ಪಾತ್ರೆಯಂಥ ಬಣ್ಣ. ಅಷ್ಟೇ ಗಟ್ಟಿಯ ಉಕ್ಕಿನ ಸ್ಪ್ರಿಂಗಿಗಿಂತ ಸುತ್ತು ಕಡಿಮೆ, ಕೈಯಲ್ಲಿ ಹಿಡಿದರೆ ಏನೋ ಮರೆತು ಬಂದಂತೆ ಹಗುರ. ಉಗುರಿನಿಂದ ತಟ್ಟಿದರೆ ಸಣ್ಣಗೆ ಉಲಿದು ಬೇಗ ಸುಮ್ಮನಾಗುತ್ತದೆ. ಒಮ್ಮೆ ಕೂರಿಸಿದರೆ ಮತ್ತೆ ಬದಲಾಯಿಸುವ ಮಾತಿಲ್ಲವಾದ್ದರಿಂದ ಆರಿಸುವುದು ಒಂದೇ ಸಲ. ಉಕ್ಕಿನದಾದರೆ ಬಲಿತಾಗ ಹೇಗೂ ತೆಗೆಯಬೇಕು, ಆಗ ನಂಬರು ಬೇರೆ ಮಾಡಿಕೊಳ್ಳಬಹುದು. ಇದರಲ್ಲಿ ಹಾಗಿಲ್ಲ. ಕೆಲವರು, "ಬಳೆ ತಿರುಗಿಸಿ ಸರಿ ಮಾಡು ಚಂಪಕ್ಕ," ಎನ್ನುತ್ತಾರೆ. ಸ್ಪ್ರಿಂಗಿನ ತುದಿಯಲ್ಲಿ ಅದನ್ನು ಹಿಡಿದಿರುವ ತಿರುಪಿನ ಬಿಲ್ಲೆಗೆ ನಾವು ಬಳೆ ಎನ್ನುತ್ತೇವೆ. ಅದನ್ನು ಒಂದೆರಡು ಸುತ್ತು ತಿರುಗಿಸಬಹುದು. ಅದಕ್ಕಿಂತ ಹೆಚ್ಚು ಬಿಗಿದರೆ ಸೀಟು ಎತ್ತರವಾಗುತ್ತದೆ ಅಷ್ಟೇ, ಸ್ಪ್ರಿಂಗಿನ ಗುಣ ಬದಲಾಗುವುದಿಲ್ಲ. ಈ ಕೆಲಸ ನನಗೆ ಕಲಿಸಿದ ಮಾವನವರು ಇದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ನಂಬರು ದೊಡ್ಡದಾದಷ್ಟೂ ಸ್ಪ್ರಿಂಗು ಗಟ್ಟಿ. ಯಾರಿಗೆ ಯಾವ ನಂಬರು ಎಂದು ಗೊತ್ತಾಗುವುದು ತೂಕದಿಂದ. ಗಂಡಸರದು ಸುಲಭ. ಅವರನ್ನು ತಕ್ಕಡಿಯಲ್ಲಿ ಕೂರಿಸಿದರೆ ಮುಗಿಯಿತು. ಮದುವೆಯಾದ ಹೆಂಗಸರನ್ನು ಜೊತೆಭಾರ ಇಟ್ಟು ತೂಗುವುದು ರೂಢಿ. ಹೆಂಗಸು ಬರಿಗೈಯಲ್ಲಿ ಗುಡ್ಡ ಇಳಿಯುವುದಿಲ್ಲವಲ್ಲ. ಮದುವೆಯ ಮರುದಿನ ಹೊಸ ಸೊಸೆ ತಕ್ಕಡಿಯ ಮರದ ತಟ್ಟೆಯಲ್ಲಿ ಕೂರುತ್ತಾಳೆ. ಆ ಮನೆಯವರು ಅವಳಿಂದ ಏನು ಹೊರಿಸಬೇಕೆಂದಿದ್ದಾರೋ ಅದನ್ನು ತಂದು ಅವಳ ಪಕ್ಕ ಇಡುತ್ತಾರೆ. ಎಣ್ಣೆ ಡಬ್ಬವೋ, ನೇಯ್ದ ಬಟ್ಟೆಯ ಗಂಟೋ, ಮಡಕೆಯೋ. ಹೊರುವುದಕ್ಕಿಂತ ಒಂದು ಹಿಡಿ ಜಾಸ್ತಿಯೇ ಇಡುವುದು ಮನೆಯ ಮರ್ಯಾದೆ. ನನ್ನ ಮದುವೆಯಲ್ಲಿ ಏನಿಡುತ್ತಾರೋ ಎಂದು ನಾನು ತಲೆ ತಗ್ಗಿಸಿ ಕಾಯುತ್ತಿದ್ದೆ. ಅತ್ತೆ ಬಂದರು, ಸೀರೆಯ ನೆರಿಗೆ ಎತ್ತಿ ಹಿಡಿದು ತಟ್ಟೆ ಹತ್ತಿ ನನ್ನ ಪಕ್ಕದಲ್ಲಿ ಕೂತುಬಿಟ್ಟರು. "ನೋಡ್ತಾ ಏನು ನಿಂತಿದ್ದೀರಿ, ತೂಗಿ," ಎಂದರು ಮಾವನವರಿಗೆ.

ಅತ್ತೆಗೆ ಕೆಳಪೇಟೆಯಲ್ಲಿ ಚೌಕಾಬಾರದ ಗೆಳತಿಯರಿದ್ದರು. ಅಂದಿನಿಂದ ವಾರಕ್ಕೆ ಮೂರ್ನಾಲ್ಕು ಸಲವಾದರೂ ಅವರನ್ನು ಹಿಂದೆ ಕೂರಿಸಿಕೊಂಡು ಇಳಿದೆ. ಅವರು ಆಡುವಷ್ಟು ಹೊತ್ತು ಜಗಲಿಯಲ್ಲಿ ಕೂತು ಕಾದೆ. ಹಿಂದೆ ಕೂತವರು ಬಾಯಿ ಮುಚ್ಚಿದವರೇ ಅಲ್ಲ. "ಎಡಕ್ಕೆ ಎಡಕ್ಕೆ, ಅಯ್ಯೋ ನಿನ್ನ, ಕಣ್ಣು ಎಲ್ಲಿಟ್ಟಿದ್ದೀಯೇ!" ಎಂದು ಬೆನ್ನಿಗೆ ಗುದ್ದುವರು. ಗೆದ್ದ ದಿನ ಆಟವನ್ನೆಲ್ಲ ಮತ್ತೆ ಹೇಳುವರು. ನನಗೆ ಅವರ ಮೇಲೆ ಸಿಟ್ಟಿತ್ತೋ ಪ್ರೀತಿಯಿತ್ತೋ ಬಿಡಿಸಿ ನೋಡಲು ಪುರುಸೊತ್ತಾಗಲಿಲ್ಲ. ಹೋದ ಮಾಘದಲ್ಲಿ, ಎದ್ದು ಕಾಫಿ ಕುಡಿದು ಮತ್ತೆ ಮಲಗಿದವರು ಏಳಲಿಲ್ಲ.

ಅವರು ಹೋದ ಮೇಲೆ ದಾರಿ ಕೆಟ್ಟಿತು. ಹಾಗೆಂದೇ ನಾನು ತಿಳಿದಿದ್ದೆ. ಒಬ್ಬಳೇ ಇಳಿಯುವಾಗ ಸೀಟು ಒದೆಯುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು, ಕೆಳಪೇಟೆ ಮುಟ್ಟುವಷ್ಟರಲ್ಲಿ ಮಣಿಕಟ್ಟು ಬಾತುಕೊಳ್ಳುತ್ತಿತ್ತು. ಬೇರೆ ಹೆಂಗಸರ ಹಾಗೆ ನಾನೂ ಸೀಟು ಬಿಟ್ಟು ನಿಂತು ಇಳಿಯುವುದನ್ನು ಕಲಿತೆ. ನಮ್ಮಲ್ಲಿ ಹೆಂಗಸರು ನಿಂತೇ ಇಳಿಯುವುದು, ಗಂಡಸರು ಕೂತು ಇಳಿಯುವುದು. ಅದಕ್ಕೆ ಕಾರಣ ಯಾರೂ ಕೇಳಿದ್ದಿಲ್ಲ. ದಾರಿಯಲ್ಲಿ ಕಲ್ಲು ಎಂದು ಹೆಂಗಸರು ಹೇಳುತ್ತಾರೆ, ಎಲ್ಲಿದೆ ಕಲ್ಲು ಎಂದು ಗಂಡಸರು ಕೇಳುತ್ತಾರೆ. ಮಳೆಗಾಲ ಕಳೆದ ಮೇಲೆ ಒಂದು ದಿನ ಹೆಂಗಸರೆಲ್ಲ ಬುಟ್ಟಿ ಹಿಡಿದು ದಾರಿಯುದ್ದಕ್ಕೂ ಕಲ್ಲು ಆರಿಸುತ್ತೇವೆ, ಬುತ್ತಿ ಕಟ್ಟಿಕೊಂಡು, ಹಾಡು ಹೇಳಿಕೊಂಡು. ಕಳೆದ ಸಲ ನಾನು ಎಲ್ಲರಿಗಿಂತ ಶ್ರದ್ಧೆಯಿಂದ ಆರಿಸಿದೆ. ಮನೆಗೆ ತಂದು ತೋರಿಸಿದಾಗ ನಮ್ಮ ಯಜಮಾನರು ಬುಟ್ಟಿಯೊಳಗೆ ಬೆರಳಾಡಿಸಿ, "ಇದು ಕಲ್ಲೇನೇ ಚಂಪಾ? ನಾಳೆ ಕೋಸಂಬರಿಗೆ ನೆನೆಹಾಕು," ಎಂದು ನಕ್ಕರು.

ಯಜಮಾನರು ತೊಟ್ಟಿಲಿನ ಹಗ್ಗ ನೋಡಿಕೊಳ್ಳುವವರು. ಊರಿನ ಹೆಂಗಸರ ಸೈಕಲ್ಲುಗಳೆಲ್ಲ ಒಂದೊಂದಾಗಿ ಮುಗಿಯುತ್ತ ಬಂದಾಗ ಅವರಿಗೆ ನನ್ನದು ನೆನಪಾಯಿತು. ಮಧ್ಯಾಹ್ನದ ಊಟದ ಹೊತ್ತು. ಎರಡು ಬೀದಿಯಾಚೆಗೆ ಕೊಟ್ಟಿರುವ ಮಗಳು ಇಂದುಮತಿ ಮಗುವನ್ನು ಕರೆದುಕೊಂಡು ಬಂದಿದ್ದಳು.

"ನಿಂದೊಂದು ಉಳಿದಿದೆ. ದಾಕ್ಷಕ್ಕನ್ನ ಒಂದು ದಿನ ಬರಹೇಳ್ತೀನಿ, ಇಬ್ಬರೂ ಕೂತು ತೂಗಿಸ್ಕೊಂಡುಬಿಡಿ," ಎಂದರು ಅವರು ಅನ್ನ ಕಲಸುತ್ತ. ದಾಕ್ಷಾಯಿಣಿ ಅವರ ಅಕ್ಕ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ, ಗಟ್ಟಿಮುಟ್ಟಾಗಿದ್ದಾರೆ.

"ಅತ್ತಿಗೆಗೆ ಕೆಳಗೆ ಏನು ಕೆಲಸ?" ಎಂದೆ.

"ಅಮ್ಮನ ಜಾಗದಲ್ಲಿ ಚೌಕಾಬಾರಕ್ಕೆ ಒಂದು ಕೈ ಕಡಿಮೆ ಆಗಿದೆಯಂತೆ. ನನ್ನ ಕೇಳಿದಳು. ಹೂಂ ಅಂದೆ."

"ಅಪ್ಪಾ, ಅದು ಹೇಗಾಗುತ್ತೆ?" ಎಂದಳು ಇಂದುಮತಿ. "ಬರೋ ವರ್ಷ ಇವಳನ್ನ ಶಾಲೆಗೆ ಹಾಕ್ಬೇಕು. ನಮ್ಮತ್ತೆ ನನ್ನ ಸೈಕಲ್ಲಿಗೆ ಬಟ್ಟೆ ಗಂಟು ಇಟ್ಟು ತೂಗಿಸಿ ಆಗಿದೆ, ಅದರ ಮೇಲೆ ಮಗು ಎಲ್ಲಿ ಕೂರಿಸ್ಲಿ? ಅಮ್ಮನೇ ಕರ್ಕೊಂಡು ಹೋಗೋದು ಅಂತ ನಾನು ಲೆಕ್ಕ ಹಾಕಿದ್ದೆ."

"ಮಗು ಹತ್ತಿ ಥರ ಇದೆ. ಅದಕ್ಕೆ ತಕ್ಕ ಸ್ಪ್ರಿಂಗು ಹಾಕಿದ್ರೆ ದಾಕ್ಷಕ್ಕ ಕೂತ ಕೂಡ್ಲೇ ಮುರಿದುಹೋಗುತ್ತೆ."

"ದೊಡ್ಡತ್ತೆಗೆ ತಕ್ಕದ್ದು ಹಾಕಿದ್ರೆ ಮಗು ಪುಟಿದು ಕೆಳಪೇಟೆಗೆ ನಮಗಿಂತ ಮುಂಚೆ ಹೋಗಿ ಬೀಳುತ್ತೆ!"

"ಮಗು ಬೆಳೆಯಲ್ವೇನೇ? ಗಟ್ಟೀದು ಹಾಕಿದ್ರೆ ಮುಂದಕ್ಕೂ ಆಯ್ತು. ಐನೂರೈವತ್ತರದು ಹಾಕು ಚಂಪಾ. ವಾರದಲ್ಲಿ ನಾಲ್ಕು ದಿನ ಮಗು, ಎರಡು ದಿನ ಅಕ್ಕ."

ಅವರಿಬ್ಬರೂ ನನ್ನ ವಾರವನ್ನು ಹೋಳಿಗೆ ಹರಿದ ಹಾಗೆ ಹರಿಯುತ್ತಿದ್ದರು. ನಾನು ಸಾರು ಬಡಿಸುತ್ತಿದ್ದೆ. ಅವರ ಮಾತಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಮಗುವೆಂದರೆ ನನಗೆ ಜೀವ, ದಾಕ್ಷಾಯಿಣಿ ಅತ್ತಿಗೆಯೂ ಕೆಟ್ಟವರಲ್ಲ. ಆದರೂ ಒಂದು ಮಾತು ಬಾಯಿಗೆ ಬಂತು. "ಅತ್ತಿಗೇನ ನೀವೇ ಕರ್ಕೊಂಡು ಹೋಗಬಹುದಲ್ಲ. ದಿನಾ ಇಳೀತೀರಿ."

ಅವರು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ನನ್ನದು ಒಬ್ಬನ ಸ್ಪ್ರಿಂಗಲ್ವೇನೆ? ನೀನೇ ಹಾಕಿದ್ದು."

"ತೊಟ್ಟಿಲಲ್ಲಿ ಇಳೀಲಿ ಹಾಗಾದ್ರೆ."

"ತೊಟ್ಟಿಲಲ್ಲಿ ಇಳಿಯೋದು ಹೆಣ, ಬಿಟ್ರೆ ಬೀಸೋಕಲ್ಲು. ಅಕ್ಕ ಇಳಿದ್ರೆ ಜನ ಚಟ್ಟ ಹಿಡ್ಕೊಂಡು ಓಡಿಬರ್ತಾರೆ." ಇಂದುಮತಿ ಜೋರಾಗಿ ನಕ್ಕಳು, ನಾನೂ ನಕ್ಕೆ. ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಐನೂರೈವತ್ತರದ್ದು ಎಂದು ತೀರ್ಮಾನವಾಗಿಹೋಯಿತು.

ಆ ಮಧ್ಯಾಹ್ನವೇ ಸುನಂದಾ ಟೀಚರ ಸೈಕಲ್ಲು ಕೈಗೆತ್ತಿಕೊಂಡೆ. ಸುನಂದಾ ನನ್ನ ಓರಗೆಯವಳು, ಕೆಳಪೇಟೆಯ ಶಾಲೆಯಲ್ಲಿ ಪಾಠ ಹೇಳುತ್ತಾಳೆ, ಮದುವೆಯಾಗಲಿಲ್ಲ. ಯಾರ ಮನೆಯ ಭಾರವೂ ಇಡುವಂತಿಲ್ಲವಾದ್ದರಿಂದ ಅವಳನ್ನು ಒಬ್ಬಳನ್ನೇ ತೂಗಬೇಕು. ಹಿಂದಿನ ದಿನ ತಕ್ಕಡಿಯ ಒಂದು ತಟ್ಟೆಯಲ್ಲಿ ಅವಳನ್ನು ಕೂರಿಸಿ, ತೂಕದ ಕಲ್ಲು ಹುಡುಕುವ ಬದಲು ತಮಾಷೆಗೆಂದು ಇನ್ನೊಂದರಲ್ಲಿ ನಾನೇ ಕೂತಿದ್ದೆ. ಮುಳ್ಳು ನೆಟ್ಟಗೆ ನಿಂತುಬಿಟ್ಟಿತು. ಇಬ್ಬರೂ ಗಾಳಿಯಲ್ಲಿ ಕಾಲು ಬಿಟ್ಟುಕೊಂಡು ಹುಡುಗಿಯರ ಹಾಗೆ ನಕ್ಕಿದ್ದೆವು. ನನ್ನ ತೂಕ ನನಗೆ ಗೊತ್ತಿದ್ದುದರಿಂದ ಅವಳಿಗೆ ಮುನ್ನೂರೈವತ್ತರದ್ದು ಸರಿ ಎಂದು ಆಗಲೇ ತಿಳಿದಿತ್ತು. ಅದನ್ನು ಕೂರಿಸಿ, ಬಳೆ ಬಿಗಿದು, ಪರೀಕ್ಷೆಗೆ ಹೊರಟೆ. ಜೊತೆಭಾರವಿಲ್ಲದ ಹೆಂಗಸರ ಸೈಕಲ್ಲನ್ನು ಸ್ಪ್ರಿಂಗು ಹಾಕಿದವರು ಒಮ್ಮೆ ಇಳಿದು ನೋಡಿಯೇ ಒಪ್ಪಿಸಬೇಕು, ಅದು ಮಾವನವರ ಕಾಲದಿಂದ ಬಂದ ನಿಯಮ. ಮದುವೆಯಾಗದ ಹುಡುಗಿಯರ ಸೈಕಲ್ಲುಗಳಲ್ಲಿ ಎಷ್ಟೋ ಸಲ ಇಳಿದಿದ್ದೇನೆ. ಅವರು ನನಗಿಂತ ಹಗುರ, ನಾನು ಕೂತರೆ ಸೈಕಲ್ಲು ಕುಸಿದು ನೆಲ ಹಿಡಿಯುತ್ತಿತ್ತು. ನನ್ನಷ್ಟೇ ತೂಕದ, ಒಬ್ಬಳೇ ಹೆಂಗಸಿನ ಸೈಕಲ್ಲು ನನ್ನ ಕೈಗೆ ಬಂದದ್ದು ಅದೇ ಮೊದಲು.

ಅಭ್ಯಾಸದಂತೆ ಮೊದಲ ತಿರುವಿನಲ್ಲಿ ನಿಂತೇ ಇದ್ದೆ. ದಾರಿಗೆ ಅಡ್ಡವಾಗಿ ಹಲಸಿನ ಬೇರುಗಳು ಎದ್ದಿರುವ ಜಾಗವಿದೆ. ಅಲ್ಲಿ ಹಲ್ಲು ಕಚ್ಚಿಕೊಂಡೆ. ಚಕ್ರ ಬೇರುಗಳ ಮೇಲೆ ಹೋಯಿತು, ಹೋದದ್ದು ಗೊತ್ತೂ ಆಯಿತು, ಆದರೆ ಯಾರೋ ಹೆಗಲ ಮೇಲೆ ಕೈಯಿಟ್ಟು ತೆಗೆದಷ್ಟು. ನಾನು ಕೂತೆ. ಮುಂದಿನದು ಜಲ್ಲಿಯ ಇಳಿಜಾರು. ಸೀಟು ತಗ್ಗಿತು, ಎದ್ದಿತು, ಮತ್ತೆ ತಗ್ಗಿತು. ಮಣಿಕಟ್ಟು ಬೇಕೆಂದೇ ಸಡಿಲ ಬಿಟ್ಟು ನೋಡಿದೆ. ಏನೂ ಆಗಲಿಲ್ಲ. ಹಲ್ಲು ಬಿಟ್ಟೆ, ಹುಬ್ಬಿನ ನಡುವೆ ಹಿಡಿದುಕೊಂಡಿದ್ದ ಬಿಗಿ ತಾನಾಗಿ ಸಡಿಲವಾಯಿತು. ಅಷ್ಟಾದ ಮೇಲೆ ತಲೆ ಎತ್ತಿದೆ. ಇಷ್ಟು ವರ್ಷ ಮುಂದಿನ ಚಕ್ರದಿಂದ ಎರಡು ಮಾರಿನಾಚೆಗೆ ನಾನು ನೋಡಿದವಳಲ್ಲ. ಬಲಗಡೆಗೆ, ಕೆಳಗೆ, ಒಂದು ಕೆರೆ ಇತ್ತು. ಅದು ಅಲ್ಲಿರುವುದು ನನಗೆ ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಕೆರೆಯ ಏರಿಯ ಮೇಲೆ ಒಬ್ಬ ಮುದುಕ ಕೊಡೆ ಬಿಚ್ಚಿ ಒಣಗಲು ಇಡುತ್ತಿದ್ದ.

ಕೆಳಪೇಟೆ ತಲುಪಿ ಕಾಲು ಊರಿದಾಗ ಅಳು ಬರುವ ಹಾಗಿತ್ತು, ಬರಲಿಲ್ಲ. ಬದಲು ಸಿಟ್ಟು ಬಂತು. ಮೊದಲು ಬಂದದ್ದು ನನ್ನ ಮೇಲೆಯೇ. ಬೆರಳ ತುದಿಯಲ್ಲಿ ಊರಿನ ಎಲ್ಲರ ನಂಬರು ಇಟ್ಟುಕೊಂಡವಳು ನಾನು. ಇಬ್ಬರಿಗೆಂದು ಹಾಕಿದ ಸ್ಪ್ರಿಂಗು ಒಬ್ಬಳು ಕೂತಾಗ ಒದೆಯುತ್ತದೆ ಎಂದು ಯಾರಾದರೂ ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಅತ್ತೆ ಹಿಂದೆ ಇರುವವರೆಗೆ ಸ್ಪ್ರಿಂಗು ಒಪ್ಪಿತ್ತು. ಹೋದ ಮೇಲೆ ಒದೆತ ಶುರುವಾದಾಗ ಅದು ದುಃಖ ಎಂದುಕೊಂಡೆ, ವಯಸ್ಸು ಎಂದುಕೊಂಡೆ, ಬುಟ್ಟಿ ಹಿಡಿದು ಕಲ್ಲು ಆರಿಸಿದೆ. ಸುನಂದಾ ಸೀಟಿನ ಮೇಲೆ ಆರಾಮಾಗಿ ಕೂತು ಇಳಿಯುವುದನ್ನು ನೋಡಿ, "ಗಂಡಸಿನ ಹಾಗೆ ಕೂರುತ್ತಾಳೆ ನೋಡು," ಎಂದು ಉಳಿದವರ ಜೊತೆ ನಾನೂ ಬಾಯಿಗೆ ಸೆರಗು ಹಿಡಿದು ನಕ್ಕಿದ್ದೆ.

ತೊಟ್ಟಿಲಲ್ಲಿ ಮೇಲೆ ಬರುವಾಗ ಗಾಣದ ಮನೆಯ ಭಾಗೀರಥಿ ಜೊತೆಗಿದ್ದಳು. ಹೊಸ ಸ್ಪ್ರಿಂಗಿನ ಸೈಕಲ್ಲಿಗೆ ಒರಗಿ ಮಣಿಕಟ್ಟು ತಿಕ್ಕಿಕೊಳ್ಳುತ್ತಿದ್ದಳು. "ಹಗುರ ಏನೋ ಆಯ್ತು ಚಂಪಕ್ಕ, ಎತ್ತಿ ಇಡೋಕೆ ಸುಖ. ದಾರಿ ಮಾತ್ರ ಅದೇ ಹಾಳು ದಾರಿ," ಎಂದಳು. ಹೂಂ ಎಂದೆ. ಏನು ಹೇಳಿದರೂ ಅವಳ ಸ್ಪ್ರಿಂಗು ಆಗಲೇ ಕೂತಾಗಿತ್ತು, ಕೂರಿಸಿದವಳು ನಾನು.

ಮರುದಿನ ಸ್ಪ್ರಿಂಗಿನ ಧರಣಪ್ಪ ಬರುವುದಿತ್ತು. ಕೆಳಗಿನ ಪೇಟೆಗಳಿಂದ ಟೈಟೇನಿಯಂ ಸ್ಪ್ರಿಂಗು ತರುವವನು ಅವನು. ಒಂದು ಮರದ ಪೆಟ್ಟಿಗೆ ತುಂಬ ಬೇರೆ ಬೇರೆ ನಂಬರಿನವನ್ನು ಬಟ್ಟೆಯಲ್ಲಿ ಸುತ್ತಿ ನನ್ನಲ್ಲಿ ಬಿಟ್ಟಿದ್ದ. ಉಳಿದದ್ದನ್ನು ತೆಗೆದುಕೊಂಡು ಹೋದರೆ ಮತ್ತೆ ಈ ಕಡೆ ಅವನ ಮುಖ ಕಾಣುವುದು ಯಾವಾಗಲೋ. ಬೆಳಿಗ್ಗೆ ಪೆಟ್ಟಿಗೆ ತೆಗೆದು ನೋಡಿದೆ. ನನಗೆಂದು ಎತ್ತಿಟ್ಟಿದ್ದ ಐನೂರೈವತ್ತರದ್ದು ಇತ್ತು. ಮುನ್ನೂರೈವತ್ತರದ್ದೂ ಒಂದು ಉಳಿದಿತ್ತು. ಎರಡನ್ನೂ ಬಟ್ಟೆ ಬಿಚ್ಚಿ ಮೇಜಿನ ಮೇಲೆ ನಿಲ್ಲಿಸಿದೆ. ಗೊತ್ತಿಲ್ಲದವರಿಗೆ ಎರಡೂ ಒಂದೇ. ನಂಬರು ಒಳಸುತ್ತಿನಲ್ಲಿ ಕೊರೆದಿರುತ್ತದೆ, ಕೂರಿಸಿದ ಮೇಲೆ ಕಾಣುವುದಿಲ್ಲ.

ಒಂದು ಸಲ ಕೂರಿಸಿದರೆ ಮುಗಿಯಿತು. ಮುನ್ನೂರೈವತ್ತರದ್ದರ ಮೇಲೆ ಇಬ್ಬರು ಕೂತರೆ ಮೊದಲ ಗುಂಡಿಯಲ್ಲೇ ಶಾಕಬ್ಸರು ತಳ ಹೊಡೆಯುತ್ತದೆ, ಹೊಡೆದ ಸದ್ದು ಬೀದಿಗೆ ಕೇಳುತ್ತದೆ. ಮಗು ಇವತ್ತೇನೋ ಹತ್ತಿಯ ಹಾಗಿದೆ. ನಾಲ್ಕು ದಿನ ಅದು ಕೂರಲಿ ಎಂದು ಬಿಟ್ಟರೂ ಬೆಳೆದ ಮೇಲೆ ಇಲ್ಲ ಎನ್ನಬೇಕಾಗುತ್ತದೆ. ಶಾಲೆಯ ದಾರಿಯಲ್ಲಿ ಅದರ ಬಿಸಿ ಉಸಿರು ನನ್ನ ಬೆನ್ನಿಗೆ ತಾಗುವುದನ್ನು ನಾನೂ ಆಸೆಪಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ. ಆ ಆಸೆಯನ್ನೂ ಪೆಟ್ಟಿಗೆಯಲ್ಲಿಟ್ಟು ಕಳಿಸಬೇಕಾಗುತ್ತದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಒಂದು ಲೋಹದ ಸುರುಳಿಯ ಕೈಲಿ ಹೇಳಿಸಲು ಹೊರಟಿದ್ದೇನೆಯೇ ಎಂದೂ ಅನ್ನಿಸಿತು. ಅನ್ನಿಸಿದರೆ ಅನ್ನಿಸಲಿ. "ನನ್ನದು ಒಬ್ಬನ ಸ್ಪ್ರಿಂಗು" ಎನ್ನುವುದಕ್ಕಿಂತ ದೊಡ್ಡ ಕಾರಣ ನಮ್ಮ ಮನೆಯ ಊಟದ ಮಣೆಯ ಮೇಲೆ ಬೇಕಾಗಿರಲಿಲ್ಲ. ಅದನ್ನು ಕೇಳಿ ಯಾರೂ ಅಲ್ಲ ಎಂದಿರಲಿಲ್ಲ, ನಾನೂ ಎಂದಿರಲಿಲ್ಲ.

ಸುನಂದಾ ತನ್ನ ಸೈಕಲ್ಲು ಒಯ್ಯಲು ಬಂದಾಗ ನಾನು ಮುನ್ನೂರೈವತ್ತರದ್ದನ್ನು ನನ್ನ ಸೈಕಲ್ಲಿಗೆ ಹಾಕಿ ಬಳೆ ತಿರುಗಿಸುತ್ತಿದ್ದೆ. ಹಾಕಿ ನೋಡುವುದಷ್ಟೇ, ಬಿಚ್ಚಲು ಎಷ್ಟು ಹೊತ್ತು, ಎಂದು ನನಗೆ ನಾನೇ ಹೇಳಿಕೊಂಡು. ಕುಗ್ಗುವುದನ್ನು ನೋಡಲು ಇನ್ನೊಬ್ಬರು ಬೇಕು. ಕೂತವರೇ ಬಗ್ಗಿ ನೋಡಿದರೆ ಭಾರ ಆಚೀಚೆಯಾಗಿ ಉಂಗುರ ಸುಳ್ಳು ಹೇಳುತ್ತದೆ.

"ಸುನಂದಾ, ಸ್ವಲ್ಪ ಬಗ್ಗಿ ನೋಡ್ತೀಯಾ? ಕಪ್ಪು ಉಂಗುರ ಎಲ್ಲಿಗೆ ಬಂತು ಹೇಳು." ಗೋಡೆಗೆ ಒಂದು ಕೈ ಊರಿ ಕೂತೆ, ಎರಡೂ ಕಾಲು ಮರದ ತುಂಡಿನ ಮೇಲಿಟ್ಟೆ.

"ಅಬ್ಬ, ಇದರೊಳಗೆ ಇಷ್ಟೊಂದು ಇದೆಯಾ," ಎಂದು ಅವಳು ಕನ್ನಡಕ ಸರಿಮಾಡಿಕೊಂಡು ಕೂತಳು. "ಒಂದು ಬಿಳಿ ಗೀಟು ಎಳೆದಿದ್ದೀಯಲ್ಲ, ಅದರ ಮೇಲೇ ನಿಂತಿದೆ. ಸರೀನಾ ತಪ್ಪಾ? ಮಕ್ಕಳಿಗೆ ಅಂಕ ಹಾಕೋದಾದ್ರೆ ಗೊತ್ತು, ಇದು ಗೊತ್ತಿಲ್ಲ ನಂಗೆ."

"ಸರಿ."

"ಹಾಗಾದ್ರೆ ಪಾಸು," ಎಂದು ಎದ್ದು ಸೀರೆಯ ಧೂಳು ಕೊಡವಿದಳು. ತನ್ನ ಸೈಕಲ್ಲು ತಳ್ಳಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ, "ಒಂದಿನ ಜೊತೇಲಿ ಇಳಿಯೋಣ ಕಣೇ ಚಂಪಾ. ನೀನು ನಿನ್ನ ಸೈಕಲ್ಲು, ನಾನು ನನ್ನದು," ಎಂದಳು. ಅವಳಿಗೆ ಏನಾದರೂ ಹೊಳೆದಿತ್ತೋ, ಸುಮ್ಮನೆ ಅಂದಳೋ, ಇವತ್ತಿಗೂ ಕೇಳಿಲ್ಲ.

ಧರಣಪ್ಪ ಬಂದದ್ದೇ ಅವಸರದಲ್ಲಿ. "ತಾಯಿ, ಮಧ್ಯಾಹ್ನದ ತೊಟ್ಟಿಲಿಗೆ ಪೆಟ್ಟಿಗೆ ಹತ್ತಿಸಬೇಕು. ಇನ್ನೆಷ್ಟು ಉಳೀತು? ನಿಮ್ಮದು ನೀವು ತೆಗೆದಿಟ್ಕೊಂಡ್ರಾ?"

"ತೆಗೆದಿಟ್ಕೊಂಡೆ."

"ಯಾವುದು? ಯಜಮಾನ್ರು ಐನೂರೈವತ್ತು ಅಂತ ನಂಗೂ ಹೇಳಿದ್ರು. ಅದು ಒಳ್ಳೇ ಮಾಲು."

"ನಂಗೆ ಆಗೋದು ತೆಗೊಂಡಿದೀನಿ ಬಿಡಪ್ಪ," ಎಂದೆ. ಮೇಜಿನ ಮೇಲಿದ್ದ ಐನೂರೈವತ್ತರದ್ದನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಉಳಿದವುಗಳ ನಡುವೆ ಇಟ್ಟು ಮುಚ್ಚಳ ಹಾಕಿದೆ. ಅವನು ತೆಗೆದು ನೋಡಲಿಲ್ಲ. ಇಷ್ಟು ವರ್ಷದಲ್ಲಿ ನಾನಿಟ್ಟ ಪೆಟ್ಟಿಗೆಯನ್ನು ಅವನು ಎಂದೂ ತೆಗೆದು ನೋಡಿದವನಲ್ಲ. ಹೆಗಲಿಗೇರಿಸಿಕೊಂಡು, "ಬರ್ತೀನಿ ತಾಯಿ," ಎಂದು ಹೋದ. ತೊಟ್ಟಿಲು ಕದಲಿದಾಗ ಹಗ್ಗ ಕಿರುಗುಟ್ಟುವುದು ಮನೆಗೆ ಕೇಳುತ್ತದೆ. ಆ ಸದ್ದು ಕೇಳುವವರೆಗೂ ನಾನು ಮೇಜು ಒರೆಸುತ್ತಿದ್ದೆ.

ಹಿಂಬದಿಯ ಮಣೆಯನ್ನು ಬಿಚ್ಚಲಿಲ್ಲ. ಅದು ಇದ್ದರೆ ನೋಡುವವರಿಗೆ ಏನೂ ಅನ್ನಿಸುವುದಿಲ್ಲ.

ಯಜಮಾನರು ಊಟಕ್ಕೆ ಬಂದವರು ಹೊರಗೆ ಕಾಲು ತೊಳೆಯುತ್ತಲೇ, "ಆಯ್ತೇನೇ ನಿಂದು?" ಎಂದರು.

"ಆಯ್ತು."

"ಅಕ್ಕನಿಗೆ ಶುಕ್ರವಾರ ಬಾ ಅಂತ ಹೇಳ್ಲಾ?"

"ಈಗಲೇ ಹೇಳಬೇಡಿ. ನಾನು ಒಂದು ಸಲ ಇಳಿದು ನೋಡಬೇಕು."

ಅವರು ಹಸಿದಿದ್ದರು, ಹೆಚ್ಚು ಕೇಳಲಿಲ್ಲ. ಊಟ ಮುಗಿಸಿ ಚಾಪೆಯ ಮೇಲೆ ಉರುಳಿದವರು ನಾನು ಸೀರೆ ಸಿಕ್ಕಿಸಿಕೊಂಡು ಹೊರಡುವುದನ್ನು ನೋಡಿ, "ಈಗಲೇ ಹೊರಟ್ಯಾ? ಏನು ತರೋದಿತ್ತು?" ಎಂದು ಕೇಳಿದರು.

"ಏನಿಲ್ಲ."

"ಸುಮ್ಮನೆ ಹೋಗ್ತೀಯಲ್ಲ, ಹಾಗೇ ನನ್ನ ಚಪ್ಪಲಿ ಒಯ್ದು ಹೊಲಿಸ್ಕೊಂಡು ಬಾ. ಉಂಗುಟ ಕಿತ್ತಿದೆ. ಬಾಗಿಲ ಹತ್ರ ಇಟ್ಟಿದೀನಿ." ಹೇಳುತ್ತ ಹೇಳುತ್ತಲೇ ಅವರ ಕಣ್ಣು ಮುಚ್ಚಿತು.

ಚಪ್ಪಲಿ ಬಾಗಿಲ ಹತ್ತಿರವೇ ಇತ್ತು. ಎರಡು ಚಪ್ಪಲಿ ಏನು ಮಹಾ ತೂಕ, ಯಾವ ಸ್ಪ್ರಿಂಗಿಗೂ ಅದು ಗೊತ್ತಾಗುವುದಿಲ್ಲ. ಒಂದು ಗಳಿಗೆ ನಿಂತು ಅವುಗಳನ್ನು ನೋಡಿದೆ. ಎದ್ದ ಮೇಲೆ ಮರೆತಳು ಎಂದುಕೊಳ್ಳಲಿ. ಅವು ಇದ್ದಲ್ಲೇ ಇರಲಿ ಎಂದು ಬಿಟ್ಟು, ಸೈಕಲ್ಲನ್ನು ಅವುಗಳ ಮೇಲಿಂದ ದಾಟಿಸಿ ಬೀದಿಗಿಳಿಸಿದೆ. ಕೂತೇ ಹೊರಟೆ.